ಸಂಪಿಗೆಯ ತೂಕ

ಫೆಬ್ರವರಿ 23, ಭಾನುವಾರ

ಹುಟ್ಟಿತು! ಹೆಣ್ಣುಗರು! ಕೈಕಾಲು ತೊಳೆದುಕೊಂಡು ನೇರ ಬಂದು ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿವೆ, ಆಗಲಿ, ಇದನ್ನು ಓದುವವರು ಯಾರು?

ಹಾಲಿನ ವ್ಯಾನು ಹೋದ ಸ್ವಲ್ಪ ಹೊತ್ತಿಗೆ ಕೆಂಪಿ ಮಲಗುವುದು, ಏಳುವುದು, ತಿರುಗಿ ನೋಡುವುದು ಶುರು ಮಾಡಿದಳು. ಬಿಸಿಲು ನೆತ್ತಿಗೆ ಬರುವ ಮೊದಲೇ ಕೆಲಸ ಮುಗಿಸಿಬಿಟ್ಟಳು, ಜಾಣೆ. ಕೆಂಪಿ ನಮ್ಮ ಕಡೆಯ ನಾಟಿ ಹಸು. ಕರುವಿನ ಅಪ್ಪ ಸೀಮೆ ಹೋರಿ. ಅವನನ್ನು ನಾವು ಯಾರೂ ನೋಡಿಲ್ಲ, ರಾಯಕೋಟೆಯ ದನದ ಆಸ್ಪತ್ರೆಯಿಂದ ಇಂಜೆಕ್ಷನ್ ಆಗಿ ಬಂದವನು. ಬಣ್ಣ ಅಪ್ಪನದು, ಕಣ್ಣೂ ಹಟವೂ ಅಮ್ಮನವು. ಸಂಪಿಗೆ ಎಂದು ಹೆಸರಿಟ್ಟೆ. ಯಾರನ್ನೂ ಕೇಳಲಿಲ್ಲ.

ಹಾಲು ಹಿಂಡುವ ಮೊದಲೇ ಅತ್ತೆಯ ಜೊತೆ ಒಂದು ಸುತ್ತು ಜಗಳ ಆಯಿತು. ಈ ಮನೆಯಲ್ಲಿ ಹಸು ಈದರೆ ಮೊದಲ ದಿನದ ಹಾಲು ಬೀದಿಗೆ ಸೇರಿದ್ದು. ಗಿಣ್ಣು ಮಾಡಿ ಎಲ್ಲ ಮನೆಗೂ ಕಳಿಸಬೇಕು. ಅತ್ತೆ ಪಾತ್ರೆ ಹಿಡಿದುಕೊಂಡೇ ಬಂದಿದ್ದರು.

"ಗಿಣ್ಣು ಹಂಚದಿದ್ರೆ ಈ ಪಿಳ್ಳಮ್ಮನ ಮನೇಲಿ ಕೈ ಗಿಡ್ಡ ಆಗೋಯ್ತು ಅಂತಾರೆ ಕಣೇ ಶಶೀ."

"ಅನ್ಲಿ ಬಿಡಿ ಅತ್ತೆ. ಮೊದ್ಲು ಕರೂಗೆ. ಅದು ಬೇಡ ಅಂದ್ಮೇಲೆ ಬೀದಿಗೆ."

ಹೋದ ಬೇಸಿಗೆಯ ಕರುವನ್ನು ನಾನು ಮರೆತಿಲ್ಲ. ಸಣ್ಣದಾಗಿ ಹುಟ್ಟಿತ್ತು, ಸೆಕೆಗೆ ಬಾಡಿ ಬಾಡಿ ಹೋಯಿತು. ನಮ್ಮ ಯಜಮಾನರು, ಇವರೇ ಹಿತ್ತಲಲ್ಲಿ ಗುಂಡಿ ತೋಡಿದರು, ಆಮೇಲೆ ಎರಡು ದಿನ ಕೊಟ್ಟಿಗೆಯ ಕಡೆ ತಲೆಯೇ ಹಾಕಲಿಲ್ಲ. ಅದಕ್ಕೇ ನಾನು ಹಟ ಬಿಡಲಿಲ್ಲ. ಸಂಪಿಗೆ ತಾನಾಗಿ ಎದ್ದು, ಬಿದ್ದು, ಮತ್ತೆ ಎದ್ದು, ಕೆಚ್ಚಲು ಹುಡುಕಿಕೊಂಡು ಚಪ್ಪರಿಸಿದ ಸದ್ದಿಗೆ ಅತ್ತೆಯೇ ನಕ್ಕುಬಿಟ್ಟರು.

ಇನ್ನು ತೂಕ. ದನದ ಆಸ್ಪತ್ರೆಯ ಡಾಕ್ಟರ್ ಹರ್ಷಿತಾ ಫೋನಿನಲ್ಲಿ ಹೇಳಿದ್ದರು, ಹುಟ್ಟಿದ ತೂಕ ಬರೆದಿಟ್ಟುಕೊಂಡು ವಾರ ವಾರ ನೋಡುತ್ತಿರಿ, ಎರಡು ತಿಂಗಳಿಗೆ ಎರಡರಷ್ಟಾದರೆ ಗೆದ್ದ ಹಾಗೆ ಎಂದು. ಅದಕ್ಕೆಂದೇ ಮನುಷ್ಯರು ನಿಲ್ಲುವ ತೂಕದ ಮೆಷಿನ್ ಆನ್‌ಲೈನಿನಲ್ಲಿ ತರಿಸಿದ್ದೆ. ಅದನ್ನು ನೋಡಿ ಅತ್ತೆ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು.

"ತಕ್ಕಡಿಗೆ ಇಡೋದು ಮಾರೋ ಸಾಮಾನ. ಹುಟ್ಟಿದ ಮಗೂನ, ಕರೂನ ಯಾರಾದ್ರೂ ತೂಗ್ತಾರಾ?"

"ಅವ್ವಾ, ನಾನು ಎತ್ಕೊಂಡು ನಿಂತ್ಕೋತೀನಿ. ಆಗ?" ಎಂದರು ಇವರು.

ಅತ್ತೆ ಯೋಚಿಸಿದರು. "ಮನೆ ಗಂಡಸು ಎತ್ಕೊಂಡ್ರೆ ಅದು ಎತ್ಕೊಂಡಂಗೆ. ತೂಗ್ದಂಗಲ್ಲ. ಹೂಂ, ಎತ್ಕೋ ಯುವರಾಜ."

ಇವರು ಒಬ್ಬರೇ ನಿಂತಾಗ ಎಪ್ಪತ್ತೆರಡು. ಕರು ಎತ್ತಿಕೊಂಡು ನಿಂತಾಗ ತೊಂಬತ್ಮೂರು. ಸಂಪಿಗೆ ಇಪ್ಪತ್ತೊಂದು ಕೆಜಿ! ಹೋದ ಸಲದ್ದು ಬೆಕ್ಕಿನ ಮರಿಯಂತಿತ್ತು.

ಕುಣಿದಾಡುತ್ತಿದ್ದ ನನ್ನನ್ನು ನೋಡಿ ಇವರು ಷರತ್ತು ಹಾಕಿದರು. "ನೋಡೇ, ಎರಡು ತಿಂಗಳಿಗೆ ಇದು ಎರಡರಷ್ಟಾದ್ರೆ ಕೊಟ್ಟಿಗೆ ದೊಡ್ಡದು ಮಾಡಾಣ, ಇನ್ನೆರಡು ಹಸು ತರಾಣ. ಆಗ್ಲಿಲ್ಲಾಂದ್ರೆ ಕೆಂಪೀನ ಪಕ್ಕದ್ಮನೆ ಮುನಿರತ್ನಮ್ಮಂಗೆ ಕೊಟ್ಬುಟ್ಟು ನೀನು ಮತ್ತೆ ಕಂಪನಿಗೆ ಹೊರಡು. ಇನ್ನೊಂದು ಗುಂಡಿ ತೋಡಕ್ಕೆ ನನ್ ಕೈಲಾಗಲ್ಲ."

ಕಂಪನಿ ಎಂದರೆ ಹೊಸೂರಿನಲ್ಲಿ ವೈರು ಜೋಡಿಸುವ ಕೆಲಸ. ಎಂಟು ವರ್ಷ ಮಾಡಿದೆ. ಕತ್ತಲಲ್ಲಿ ಬಸ್ಸು ಹತ್ತಿ ಕತ್ತಲಲ್ಲಿ ಇಳಿಯುವುದು. ಸತ್ತರೂ ಹೋಗುವುದಿಲ್ಲ. ಪಂದ್ಯ ಒಪ್ಪಿಕೊಂಡೆ.

ಫೆಬ್ರವರಿ 25, ಮಂಗಳವಾರ

ಇವತ್ತು ಗಿಣ್ಣು ಹಂಚಿದ್ದಾಯಿತು. ಏಲಕ್ಕಿ ಜಾಸ್ತಿ ಹಾಕಿ ತೆಳುವಾದದ್ದನ್ನು ಮರೆಮಾಡಿದ್ದೇನೆ. ಮುನಿರತ್ನಮ್ಮ ತಟ್ಟೆ ಅಲ್ಲಾಡಿಸಿ, "ಇದೇನಮ್ಮಾ, ಗಿಣ್ಣೋ ಪಾಯಸಾನೋ?" ಎಂದು ಕೇಳಿದಳು. ಕೇಳಲಿ. ನನ್ನ ಸಂಪಿಗೆಯ ಹೊಟ್ಟೆ ನಗಾರಿಯಂತಿದೆ.

ಮಾರ್ಚ್ 9, ಭಾನುವಾರ

ತೊಂಬತ್ತೆಂಟು! ಎಪ್ಪತ್ತೆರಡು ಕಳೆದರೆ ಇಪ್ಪತ್ತಾರು. ಎರಡು ವಾರಕ್ಕೆ ಐದು ಕೆಜಿ! ಇವರ ಹೆಗಲ ಮೇಲಿಂದ ಸಂಪಿಗೆ ನನ್ನ ಸೆರಗು ಅಗಿಯುತ್ತಿತ್ತು. ಹೀಗೇ ಹೋದರೆ ಏಪ್ರಿಲ್ ಇಪ್ಪತ್ಮೂರಕ್ಕೆ ಪಂದ್ಯ ನನ್ನದೇ. ಹಿತ್ತಲಲ್ಲಿ ಹೊಸ ಕೊಟ್ಟಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕಡ್ಡಿಯಲ್ಲಿ ಗೆರೆ ಎಳೆದು ಬಂದೆ. ಅತ್ತೆ ಅದರ ಮೇಲೆಯೇ ಮೆಣಸಿನಕಾಯಿ ಒಣಹಾಕಿದ್ದಾರೆ.

ಮಾರ್ಚ್ 17, ಸೋಮವಾರ

ಬಿಸಿಲೆಂದರೆ ಬಿಸಿಲು. ಮಾರ್ಚಿನಲ್ಲೇ ಹೀಗಾದರೆ ಮೇ ತಿಂಗಳಿಗೆ ಏನು ಗತಿ? ಕೊಟ್ಟಿಗೆಯ ಶೀಟಿನ ಮೇಲೆ ತೆಂಗಿನಗರಿ ಹೊದಿಸಿದೆ, ಸುತ್ತ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿದೆ. ಈಗ ಒಳಗೆ ಹೋದರೆ ತಣ್ಣಗೆ, ಬೆಟ್ಟದ ಕಡೆಯ ತಳಿ ಊರಿಗೆ ಹೋದ ಹಾಗಾಗುತ್ತದೆ. ಸಂಪಿಗೆಗೆ ಒಂದು ಬಕೆಟ್ ನೀರು ಬೇರೆಯೇ ಇಟ್ಟಿದ್ದೇನೆ.

ಬಿಸಿಲು ಇವರಿಗೂ ತಗುಲಿದೆ. ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಶಿಫ್ಟ್ ಮುಗಿಸಿ ಬಂದವರು ನಿಂತ ಕಾಲಲ್ಲೇ ಎರಡು ಚೊಂಬು ನೀರು ಕುಡಿದರು, ಊಟಕ್ಕೆ ಕೂತು ಇನ್ನೊಂದು ಚೊಂಬು. ಸಂಜೆಯೊಳಗೆ ಕುಡಿಯುವ ನೀರಿನ ಕೊಡವೇ ಖಾಲಿ. "ಕೆಂಪಿಗೆ ಪೈಪೋಟಿ ಕೊಡ್ತಿದ್ದೀರಾ?" ಎಂದು ಕೇಳಿದೆ. "ಪ್ರೆಸ್ ಮೆಷಿನ್ ಮುಂದೆ ಒಂದಿನ ನಿಂತು ನೋಡು, ಗೊತ್ತಾಯ್ತದೆ," ಎಂದರು. ಅದೂ ನಿಜವೇ.

ರಾತ್ರಿ ಮೂರು ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುತ್ತಾರೆ. ಕರುವಿನ ಮೇಲೆ ನನಗೊಬ್ಬಳಿಗೇ ಪ್ರೀತಿ ಎಂದುಕೊಂಡಿದ್ದೆ. ಮೇಲೆ ಮೇಲೆ ಪಂದ್ಯ ಗಿಂದ್ಯ ಅನ್ನುತ್ತಾರೆ, ಒಳಗೆ ಕರುಳು. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಳಗ್ಗೆ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ.

ಮಾರ್ಚ್ 23, ಭಾನುವಾರ

ನೂರಾ ಒಂದು. ಅಂದರೆ ಇಪ್ಪತ್ತೊಂಬತ್ತು. ಎರಡು ವಾರಕ್ಕೆ ಮೂರೇ ಕೆಜಿ. ಸ್ವಲ್ಪ ಸಪ್ಪೆ ಅನ್ನಿಸಿತು.

ಆದರೆ ಕರು ನೋಡಲು ಹಾಗಿಲ್ಲವಲ್ಲ! ಕಟ್ಟು ಬಿಚ್ಚಿದರೆ ಅಂಗಳದ ಈ ಕಡೆಯಿಂದ ಆ ಕಡೆಗೆ ಬಾಲ ಎತ್ತಿಕೊಂಡು ಓಟ. ಅತ್ತೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಎರಡು ಸಲ ತುಳಿದಿದೆ. ಕೆಂಪಿಯ ಹಾಲು ಸಾಲುತ್ತಿಲ್ಲವೋ ಏನೋ. ನಾಳೆಯಿಂದ ಡೇರಿಗೆ ಕಮ್ಮಿ ಹಾಕಿ ಕರುವಿಗೆ ಜಾಸ್ತಿ ಬಿಡಬೇಕು.

ಮುನಿರತ್ನಮ್ಮ ಹುಲ್ಲು ಕೇಳಲು ಬಂದವಳು, "ನಿಮ್ಮೆಜಮಾನ್ರು ಸಣ್ಣ ಆಗಿ ಹೀರೋ ಥರ ಕಾಣ್ತಾವ್ರೆ ಕಣಮ್ಮಾ, ಏನು ತಿನ್ನಿಸ್ತಿದ್ದೀಯ?" ಎಂದಳು. ಇವರ ಹೊಟ್ಟೆ ಕರಗಿರುವುದು ನಿಜ. ಮೊನ್ನೆ ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಹಾಕುತ್ತಿದ್ದರು. ದಿನಾ ಕರು ಹಿಡಿದು ಓಡಾಡಿದರೆ ಯಾರಿಗಾದರೂ ಹೊಟ್ಟೆ ಕರಗುತ್ತದೆ. ನಾನೂ ಸ್ವಲ್ಪ ಬೀಗಿದೆ.

ಮಾರ್ಚ್ 30, ಭಾನುವಾರ, ಯುಗಾದಿ

ಹಬ್ಬದ ದಿನ ಬರೆಯಬಾರದೆಂದುಕೊಂಡಿದ್ದೆ, ಆದರೆ ಕೈ ಕೇಳಬೇಕಲ್ಲ. ನೂರಾ ಎರಡು! ಅಷ್ಟೇ. ಮೂವತ್ತು. ಒಂದು ವಾರಕ್ಕೆ ಒಂದು ಕೆಜಿ!

ಬೇವು ಬೆಲ್ಲ ತಿಂದ ಮೇಲೆ ಮೊದಲು ಮಾಡಿದ ಕೆಲಸವೇ ತೂಕ. ಮೆಷಿನ್ ಮೇಲೆ ನಿಂತಾಗ ಇವರ ತೋಳು ನಡುಗುತ್ತಿತ್ತು. "ಅಲ್ಲಾಡ್ಬೇಡಿ, ನಂಬರ್ ನಿಲ್ತಿಲ್ಲ," ಎಂದು ಬೈದೆ. "ಬಲೇ ಭಾರ ಐತೆ ಕಣೇ," ಎಂದರು. ಮೂವತ್ತು ಕೆಜಿ ಭಾರವಂತೆ! ಹೋದ ವರ್ಷ ರಾಗಿ ಮೂಟೆಯನ್ನು ಒಂದೇ ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತಿದ ಮನುಷ್ಯ. ಪಂದ್ಯ ಗೆಲ್ಲುತ್ತಿದ್ದಾರಲ್ಲ, ಅದಕ್ಕೆ ನಾಟಕ.

ಆಮೇಲೆ ಎಂಟು ಹೋಳಿಗೆ ತಿಂದರು, ತುಪ್ಪ ಸುರಿದುಕೊಂಡು. "ಇನ್ನೂ ಹಸಿವು," ಎಂದು ತಟ್ಟೆ ಚಾಚಿದಾಗ ಅತ್ತೆಗೆ ಆದ ಸಂತೋಷ ಹೇಳತೀರದು. "ತಿನ್ನು ಮಗಾ, ಚಿಕ್ಕ ಹುಡುಗ ಇದ್ದಾಗ್ಲೂ ಹಿಂಗೇ ತಿಂತಿದ್ದೆ," ಎಂದು ಇನ್ನೆರಡು ಹಾಕಿದರು. ಊಟ ಆದ ಕೂಡಲೇ ಜಗಲಿಯ ಮೇಲೆ ಬಿದ್ದುಕೊಂಡವರು ದೀಪ ಹಚ್ಚುವ ಹೊತ್ತಿಗೆ ಎದ್ದರು.

ನನಗೆ ಹೋಳಿಗೆ ಇಳಿಯಲಿಲ್ಲ. ಸಂಪಿಗೆ ಯಾಕೆ ಬೆಳೆಯುತ್ತಿಲ್ಲ? ಹುಳು ಆಗಿದೆಯೇ? ಅರ್ಧ ನಾಟಿ, ಅರ್ಧ ಸೀಮೆ. ಸೀಮೆಯ ಅರ್ಧ ಈ ಬಿಸಿಲಿಗೆ ಸೋಲುತ್ತಿದೆಯೇ? ಎರಡು ತಿಂಗಳು ತುಂಬಲು ಇನ್ನು ಮೂರು ವಾರ ಇದೆ, ಹನ್ನೆರಡು ಕೆಜಿ ಬೇಕು. ಆಗುವ ಮಾತೇ ಅಲ್ಲ.

ಏಪ್ರಿಲ್ 3, ಗುರುವಾರ

ಡೇರಿಗೆ ಹಾಲು ಹಾಕುವುದನ್ನೇ ನಿಲ್ಲಿಸಿದೆ. ಎಲ್ಲಾ ಸಂಪಿಗೆಗೆ. ಕೆಂಪಿಯ ಹತ್ತಿರ ಕುಡಿದ ಮೇಲೆ ಬಾಟಲಿಯಲ್ಲಿ ಇನ್ನೊಂದು ಸುತ್ತು, ಮಧ್ಯಾಹ್ನ ಮತ್ತೊಂದು. ಕುಡಿಯುತ್ತದೆ! ಬಾಟಲಿ ಕಂಡರೆ ಹಾರಿ ಬರುತ್ತದೆ! ಈ ಭಾನುವಾರ ನೋಡೋಣ.

ಏಪ್ರಿಲ್ 6, ಭಾನುವಾರ

ನೂರಾ ಎರಡು. ಮತ್ತೆ ಅದೇ ನೂರಾ ಎರಡು.

ಅಷ್ಟು ಹಾಲು ಎಲ್ಲಿ ಹೋಯಿತು? ನಾನು ಅತ್ತುಬಿಟ್ಟೆ, ಇವರೆದುರಿಗೇ. ಇವರು ಸಮಾಧಾನ ಮಾಡುತ್ತಾರೆ ಎಂದುಕೊಂಡರೆ ಸಿಡುಕಿದರು. "ಕರು ಕರು ಕರು! ಮನೇಲಿ ಬೇರೆ ಏನೂ ಇಲ್ವಾ ನಿಂಗೆ?" ಎಂದು ಟವಲ್ ಬಿಸಾಕಿ ಹೋದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇವರು ಹೀಗೆ ಕೂಗಿದವರಲ್ಲ. ಇರಲಿ. ನಾನೂ ಸುಮ್ಮನಿರಲಿಲ್ಲ, "ಎರಡು ಸಲ ಕರು ಎತ್ತಿದ್ರೆ ಏದುಸಿರು ಬಿಡೋರು ನನ್ಗೇನು ಹೇಳ್ತೀರಿ?" ಎಂದುಬಿಟ್ಟೆ.

ಏಪ್ರಿಲ್ 7, ಸೋಮವಾರ

ಸಂಪಿಗೆಗೆ ಬೇದಿ. ಬೆಳಗ್ಗೆಯಿಂದ ಬಿಳಿ ಬಿಳಿ ನೀರು. ಮೂಗು ಒಣಗಿದೆ. ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದೆ, ನಾಳೆ ಬರುತ್ತಾರಂತೆ. ಅಲ್ಲಿಯವರೆಗೆ ಹಾಲು ಕಡಿಮೆ ಮಾಡಿ, ಉಪ್ಪು ಬೆಲ್ಲದ ನೀರು ಕುಡಿಸಿ ಎಂದರು. ಅದು ತಲೆಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದೆ. ದೇವರೇ, ಪಂದ್ಯ ಸೋತರೂ ಸರಿ, ಕಂಪನಿಗೆ ಹೋಗುತ್ತೇನೆ, ಬಸ್ಸು ಹತ್ತುತ್ತೇನೆ. ಇದೊಂದು ಉಳಿಯಲಿ.

ಏಪ್ರಿಲ್ 8, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಡಾಕ್ಟರ್ ಹರ್ಷಿತಾ ಸ್ಕೂಟರಿನಲ್ಲಿ ಬಂದರು. ಸಂಪಿಗೆ ಆ ಹೊತ್ತಿಗೆ ಎದ್ದು ನಿಂತಿತ್ತು. ಕಣ್ಣು ನೋಡಿದರು, ಚರ್ಮ ಎಳೆದು ನೋಡಿದರು, ಇಂಜೆಕ್ಷನ್ ಕೊಟ್ಟರು. ಆಮೇಲೆ ಚೀಲದಿಂದ ಒಂದು ಟೇಪು ತೆಗೆದು ಕರುವಿನ ಎದೆಯ ಸುತ್ತ ಬಿಗಿದರು. ಎದೆಯ ಸುತ್ತಳತೆಯ ಮೇಲೆ ತೂಕ ಹೇಳುವ ಟೇಪು ಅದು. ದರ್ಜಿ ಕೆಲಸದ ಹಾಗಿದ್ದುದರಿಂದ ಅತ್ತೆಯೂ ಅಡ್ಡ ನಿಲ್ಲಲಿಲ್ಲ.

"ನಲ್ಲಾ ಇರುಕ್ಕಮ್ಮಾ!" ಎಂದು ಡಾಕ್ಟರ್ ನಕ್ಕರು. ಆಮೇಲೆ ತಮಿಳು ಬಿಟ್ಟು ಕನ್ನಡಕ್ಕೆ ತಿರುಗಿ, "ಚೆನ್ನಾಗಿದೆ. ಮೂವತ್ತೇಳು ಕೆಜಿ. ಬೇದಿ ಆಗಿಯೂ ಮೂವತ್ತೇಳು! ಈ ಬಿಸಿಲಲ್ಲಿ ಇಷ್ಟು ಚೆನ್ನಾಗಿ ಬಂದಿರೋ ಕರು ಈ ಸುತ್ತಲ್ಲಿ ನಾನು ನೋಡಿಲ್ಲ. ಹಾಲು ಜಾಸ್ತಿ ಕುಡಿಸಿ ಹೊಟ್ಟೆ ಕೆಡಿಸಿರೋದು ನೀವೇ," ಎಂದರು.

ನಾನು ಡಾಕ್ಟರನ್ನು ತಬ್ಬಿಕೊಂಡುಬಿಟ್ಟೆ! ಸಗಣಿ ಕೈಯಲ್ಲೇ! "ನಮ್ಮ ಮೆಷಿನ್ನಲ್ಲಿ ಮೂವತ್ತೇ ತೋರಿಸ್ತದೆ ಮೇಡಂ," ಎಂದೆ. "ಟೇಪಲ್ಲಿ ಒಂದೆರಡು ಕೆಜಿ ಆಕಡೆ ಈಕಡೆ ಆಗ್ಬೋದು, ಏಳು ಕೆಜಿ ಆಗಲ್ಲ. ಮೆಷಿನ್ ಕೆಟ್ಟಿರ್ಬೇಕು, ನೋಡಿ," ಎಂದು ಟೇಪನ್ನು ನನ್ನ ಕೈಗಿಟ್ಟು ಹೊರಟರು.

ಗೆದ್ದೆ! ಆ ಹಾಳು ಮೆಷಿನ್ ನನ್ನನ್ನು ಇಷ್ಟು ದಿನ ಅಳಿಸಿತಲ್ಲ! ಅದರ ಸುಳ್ಳು ಎಲ್ಲರೆದುರು ಬಯಲು ಮಾಡಬೇಕೆಂದು ಹಟ ಬಂತು. ಇವರು ಶಿಫ್ಟ್ ಮುಗಿಸಿ ಬಂದು, ಉಂಡು, ಯೂನಿಫಾರ್ಮ್ ಕೂಡ ಬಿಚ್ಚದೆ ಜಗಲಿಯಲ್ಲಿ ನಿದ್ದೆ ಹೋಗಿದ್ದರು. ಬಾಯಿ ಬಿಚ್ಚದ ಅಕ್ಕಿ ಮೂಟೆ ಎರಡಿದ್ದವು, ಇಪ್ಪತ್ತೈದು ಕೆಜಿಯವು. ಒಂದನ್ನು ಎಳೆದು ತಂದು ಮೆಷಿನ್ ಮೇಲಿಟ್ಟೆ. ಇಪ್ಪತ್ತೈದು. ಇನ್ನೊಂದನ್ನೂ ಹೇರಿದೆ. ಐವತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಅಕ್ಕಿ ಮೂಟೆ ಯಾಕೆ ಕುಣಿಸ್ತಿದ್ದೀಯೇ?" ಎಂದು ಅತ್ತೆ ಒಳಗಿಂದ ಕೂಗಿದರು.

ಮೆಷಿನ್ ಸರಿ ಇದೆ. ಟೇಪೂ ಸರಿ ಇದೆ. ಕರುವಂತೂ ಕಣ್ಣೆದುರಿಗೇ ಇದೆ. ಸೀಮೆಸುಣ್ಣ ತಂದು ನೆಲದ ಮೇಲೆ ಲೆಕ್ಕ ಹಾಕಿದೆ. ನೂರಾ ಎರಡರಲ್ಲಿ ಮೂವತ್ತೇಳು ಹೋದರೆ ಅರವತ್ತೈದು. ತಪ್ಪಾಗಿದೆಯೇನೋ ಎಂದು ಅಳಿಸಿ ಮತ್ತೆ ಹಾಕಿದೆ. ಅರವತ್ತೈದೇ. ಎಪ್ಪತ್ತೆರಡಲ್ಲ.

ಜಗಲಿಯ ಕಡೆ ತಿರುಗಿ ನೋಡಿದೆ. ಇವರು ಬಾಯಿ ತೆರೆದು ಮಲಗಿದ್ದರು. ಕೊರಳ ಕೆಳಗೆ ಎರಡು ಮೂಳೆ ಎದ್ದು ಕಾಣುತ್ತಿದ್ದವು. ಅಂಗಿಯ ಒಳಗೆ ಮನುಷ್ಯ ಎಲ್ಲಿದ್ದಾರೆ ಎಂದು ಹುಡುಕಬೇಕಿತ್ತು. ತಲೆದೆಸೆಯಲ್ಲಿ ಖಾಲಿ ಚೊಂಬು. ದಿನಾ ಎರಡು ಹೊತ್ತು ತಟ್ಟೆ ಹಾಕುವವಳು ನಾನು. ಕರುವಿನ ಒಂದೊಂದು ಪಕ್ಕೆಲುಬನ್ನೂ ಎಣಿಸಿದವಳು ನಾನು. ಇವರನ್ನು ನೋಡಿಯೇ ಇರಲಿಲ್ಲ.

ಎಬ್ಬಿಸಿದೆ. "ಒಂದ್ನಿಮಿಷ ಬನ್ನಿ. ಮೆಷಿನ್ ಮೇಲೆ ನಿಂತ್ಕೊಳ್ಳಿ."

"ಕರು ಎಲ್ಲಿ?" ಎಂದರು ಕಣ್ಣುಜ್ಜುತ್ತ.

"ಕರು ಬೇಡ. ನೀವೊಬ್ರೇ."

ಅರವತ್ತೈದು.

ಅತ್ತೆ ಬಾಗಿಲಿಗೆ ಬಂದಿದ್ದರು. ಅವರಿಗೆ ನಂಬರು ಓದಲು ಬರುವುದಿಲ್ಲ, ನನ್ನ ಮುಖ ಓದಿದರು. "ಅದು ಸುಳ್ಳು ಹೇಳ್ತೈತೆ," ಎಂದರು. ನಾನು ನಂಬರನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಗ ಮಗನ ಹತ್ತಿರ ಬಂದು, ತೋಳನ್ನು ಹೆಬ್ಬೆರಳು ಮಧ್ಯದ ಬೆರಳಿನಲ್ಲಿ ಸುತ್ತು ಹಿಡಿದು ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಏಪ್ರಿಲ್ 9, ಬುಧವಾರ

ಹೊಸೂರು ಆಸ್ಪತ್ರೆ. ಸಕ್ಕರೆ ನಾನೂರು ದಾಟಿದೆ. ಮಲಗಿಸಿದ್ದಾರೆ. ಡ್ರಿಪ್ಪು ಹೋಗುತ್ತಿದೆ.

ನೀರಡಿಕೆ, ಹಸಿವು, ರಾತ್ರಿ ಏಳುವುದು, ಸುಸ್ತು, ಸಿಡುಕು. ಡಾಕ್ಟರು ಒಂದೊಂದಾಗಿ ಕೇಳುತ್ತಾ ಹೋದರು, ನಾನು ಒಂದೊಂದಕ್ಕೂ ಹೌದು ಹೌದು ಎಂದೆ. "ಇನ್ನೊಂದೆರಡು ವಾರ ಬಿಟ್ಟಿದ್ರೆ ಪ್ರಜ್ಞೆ ತಪ್ಪಿ ಬೀಳ್ತಿದ್ರು," ಎಂದರು. ಎಲ್ಲಿ ಬೀಳುತ್ತಿದ್ದರು ಎಂದು ಅವರು ಹೇಳಲಿಲ್ಲ. ಪ್ರೆಸ್ ಮೆಷಿನ್ ನನ್ನ ಕಣ್ಣ ಮುಂದೆ ಬಂತು.

ಏಪ್ರಿಲ್ 13, ಭಾನುವಾರ

ಮನೆಗೆ ಕರೆತಂದೆವು! ಸಕ್ಕರೆ ಇನ್ನೂರಕ್ಕೆ ಇಳಿದಿದೆ. ಇನ್ಸುಲಿನ್ ಚುಚ್ಚುವುದನ್ನು ನರ್ಸಮ್ಮ ಕಲಿಸಿಕೊಟ್ಟರು, ನಾನು ಒಂದೇ ಸಲಕ್ಕೆ ಚುಚ್ಚಿಬಿಟ್ಟೆ. ಕೆಂಪಿಗೆ ಇಂಜೆಕ್ಷನ್ ಕೊಡುವಾಗ ಎಷ್ಟು ಸಲ ಹಿಡಿದಿಲ್ಲ ನಾನು! "ನನ್ನೂ ದನ ಮಾಡ್ಬುಟ್ಟೆ," ಎಂದರು ಇವರು. ನಕ್ಕರು! ಎಷ್ಟು ದಿನವಾಗಿತ್ತು ಆ ನಗು ನೋಡಿ.

ಅತ್ತೆ ಹೊಸ ಹಟ ಹಿಡಿದಿದ್ದಾರೆ. ಮನೆಯಲ್ಲಿ ಬೆಲ್ಲದ ಡಬ್ಬಿ ಕಾಣುತ್ತಿಲ್ಲ. ಎಲ್ಲಿಟ್ಟಿದ್ದೀರಿ ಎಂದರೆ ಹೇಳುವುದಿಲ್ಲ. ಕರುವಿಗೆ ಉಪ್ಪು ಬೆಲ್ಲದ ನೀರು ಮಾಡಬೇಕೆಂದರೂ ಕೊಡಲಿಲ್ಲ, ತಾವೇ ಹೋಗಿ ಕಲಸಿ ತಂದರು.

ಸಂಜೆ ಇವರು ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಸಂಪಿಗೆ ಬಂದು ಇವರ ಲುಂಗಿ ಎಳೆಯಿತು. "ಇದು ಬೆಳೀದೇ ಇದ್ದಿದ್ರೆ ನಾನು ಸಣ್ಣ ಆಗಿದ್ದು ಯಾರಿಗೂ ಗೊತ್ತಾಯ್ತಿರ್ಲಿಲ್ಲ ಕಣೇ," ಎಂದರು. ಕೆಂಪಿಯನ್ನು ಕೊಡುವ ಮಾತು ಇನ್ನು ಎತ್ತುವುದಿಲ್ಲವಂತೆ. ನಾನು ಸರಿ ಎಂದೆ. ಮಾತ್ರೆಯ ಹೊತ್ತಾಗಿತ್ತು, ಒಳಗೆ ಓಡಿದೆ.

ಏಪ್ರಿಲ್ 27, ಭಾನುವಾರ

ಅರವತ್ತಾರೂ ಮುಕ್ಕಾಲು!!

ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನಿಲ್ಲಿಸಿದೆ, ಚಪ್ಪಲಿ ಇಲ್ಲದೆ, ಜೇಬಿನಲ್ಲಿದ್ದ ಬೀಗದ ಕೈ ಕೂಡ ತೆಗೆಸಿ. ನಂಬರು ಮಿಣುಕಿತು, ಅತ್ತ ಇತ್ತ ಆಯಿತು, ನಿಂತಿತು. ಅರವತ್ತಾರೂ ಮುಕ್ಕಾಲು! ನಾನು ಹಾಕಿದ ಕೂಗಿಗೆ ಕೆಂಪಿ ಹಗ್ಗ ಜಗ್ಗಿದಳು, ಅತ್ತೆ ಒಲೆ ಬಿಟ್ಟು ಓಡಿಬಂದರು.

"ಏಯ್ ಶಶೀ, ಎಷ್ಟು ಬಂತೇ ಕರು?" ಬೇಲಿಯಾಚೆಯಿಂದ ಮುನಿರತ್ನಮ್ಮ.

"ಕರು ಅಲ್ಲಕ್ಕಾ! ನಮ್ಮೆಜಮಾನ್ರು! ಒಂದೂ ಮುಕ್ಕಾಲು ಕೆಜಿ ಜಾಸ್ತಿ!"

ಇವರು ನಾಚಿಕೊಂಡು ಮೆಷಿನ್ನಿಂದ ಇಳಿದುಬಿಟ್ಟರು. ಟವಲ್ ಹೆಗಲಿಗೆ ಹಾಕಿಕೊಳ್ಳುತ್ತ, "ಅಲ್ವೇ, ಕರೂಗೆ ಎರಡು ತಿಂಗಳು ತುಂಬಿ ನಾಕು ದಿನ ಆಯ್ತು. ಪಂದ್ಯ ಏನಾಯ್ತು? ಡಾಕ್ಟರು ಟೇಪು ಕೊಟ್ಟು ಹೋಗವ್ರಲ್ಲ, ಅಳೀಲಿಲ್ವಾ?" ಎಂದರು.

ಅಳೆದಿರಲಿಲ್ಲ. ಆ ದಿನ ಬಂದದ್ದೂ ಹೋದದ್ದೂ ನನಗೆ ಗೊತ್ತೇ ಆಗಿರಲಿಲ್ಲ. ಸಂಪಿಗೆ ಗೂಟದ ಹತ್ತಿರ ನಿಂತು ಎಳೆ ಹುಲ್ಲು ಅಗಿಯುತ್ತಿತ್ತು, ಬೆನ್ನು ಮಿರಮಿರ ಮಿಂಚುತ್ತಿತ್ತು.

"ನಾಳೆ ನೋಡಾಣ ಬಿಡಿ," ಎಂದೆ. "ನೀವು ಇನ್ನೊಂದ್ಸಲ ಹತ್ತಿ."